ಇಪ್ಪತ್ತೆರಡನೇ ಕ್ರಾಸಿನ ಹೊಸ ಹುಡುಗಿಯರು

ಜೂನ್ ಮೊದಲ ವಾರ. ರಾತ್ರಿ ಸುರಿದ ಮಳೆಗೆ ಜಯನಗರ ಮೂರನೇ ಬ್ಲಾಕಿನ ಫುಟ್‌ಪಾತು ಇನ್ನೂ ಒದ್ದೆ. 22ನೇ ಕ್ರಾಸಿಗೆ ತಿರುಗಿದ ಮೇಲೆ ಯಾರನ್ನೂ ದಾರಿ ಕೇಳಬೇಕಿಲ್ಲ, ಹೊಸ ಬ್ಯಾಗು ಏರಿಸಿಕೊಂಡ ಹುಡುಗಿಯರ ಹಿಂದೆ ನಡೆದರಾಯಿತು. ಎನ್‌ಎಂಕೆಆರ್‌ವಿ ಕಾಲೇಜಿನ ಗೇಟಿನ ಮುಂದೆ ಸ್ಕೂಟರುಗಳು ಬಂದು ನಿಲ್ಲುತ್ತವೆ, ಹಿಂದಿನ ಆಟೋದವನು ಹಾರನ್ ಹೊಡೆಯುತ್ತಾನೆ, ಅಪ್ಪಂದಿರು ಮಗಳಿಗೆ ಹೇಳಬೇಕೆಂದುಕೊಂಡದ್ದನ್ನೆಲ್ಲ ಅರ್ಧಕ್ಕೇ ನುಂಗಿ ಮುಂದೆ ಸರಿಯುತ್ತಾರೆ.

"ಟಿಸಿ ಇಟ್ಕೊಂಡ್ಯಾ ಪುಟ್ಟಿ? ಮಾರ್ಕ್ಸ್ ಕಾರ್ಡ್ ಜೆರಾಕ್ಸು?"

"ಎಲ್ಲಾ ಇದೆ ಅಮ್ಮಾ. ನೀನಿನ್ನು ಹೊರಡು."

ಅಮ್ಮ ಹೊರಡುವುದಿಲ್ಲ. ಗೇಟಿನ ಬದಿಗೆ ನಿಂತು ಪಕ್ಕದವರೊಂದಿಗೆ ಮಾತಿಗಿಳಿಯುತ್ತಾರೆ. "ನಾನೂ ಇಲ್ಲೇ ಓದಿದ್ದು, ಆಗ ನಾವೆಲ್ಲ ಲಂಗ ದಾವಣಿ." ಎರಡೇ ನಿಮಿಷದಲ್ಲಿ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ ಸಿಕ್ಕಿಬಿಡುತ್ತಾರೆ. ಇಬ್ಬರಿಗೂ ಪಾಠ ಹೇಳಿದ ಮೇಡಂ ಒಬ್ಬರೇ ಎಂದು ತಿಳಿಯುವ ಹೊತ್ತಿಗೆ ಮಗಳು ಒಳಗೆ ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಕಾಲೇಜು ಶುರುವಾದದ್ದು 1973ರಲ್ಲಿ. 1940ರಲ್ಲಿ ಎಂ.ಸಿ. ಶಿವಾನಂದ ಶರ್ಮರು ಆರಂಭಿಸಿದ ರಾಷ್ಟ್ರೀಯ ವಿದ್ಯಾಲಯದ ಬಳಗಕ್ಕೆ ಸೇರಿದ್ದು. ಪೂರ್ತಿ ಹೆಸರು ನಾಗರತ್ನಮ್ಮ ಮೇಡ ಕಸ್ತೂರಿರಂಗ ಶೆಟ್ಟಿ ರಾಷ್ಟ್ರೀಯ ವಿದ್ಯಾಲಯ. ಹೆಣ್ಣುಮಕ್ಕಳ ಕಾಲೇಜಿನ ಹೆಸರು ಹೆಣ್ಣಿನ ಹೆಸರಿನಿಂದಲೇ ಮೊದಲಾಗುವುದು ನನಗೆ ಬಹಳ ಇಷ್ಟ.

ಆವರಣದಲ್ಲಿ ಗುಂಪು ಗುಂಪಾಗಿ ನಿಂತವರ ಮಾತಿಗೆ ಕಿವಿಗೊಡಿ. ಪಿಸಿಎಂಬಿ, ಪಿಸಿಎಂಸಿ, ಇಬಿಎಸಿ. ಪಿಯುಸಿ ವಿಷಯಗಳ ಅಕ್ಷರಗಳನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ವರ್ಷ ವರ್ಷವೂ ಹುಡುಗಿಯರದೇ ಮೇಲುಗೈ ಎಂದು ಪೇಪರಿನವರು ಬರೆಯುತ್ತಾರಲ್ಲ, ಆ ಹುಡುಗಿಯರು ಇವರೇ. ಒಬ್ಬಳು ಕಗ್ಗಲೀಪುರದ ಕಡೆಯಿಂದ ಬನಶಂಕರಿ ನಿಲ್ದಾಣಕ್ಕೆ ಬಂದು, ಬಸ್ಸು ಬದಲಿಸಿ ಬಂದಿದ್ದಾಳೆ. ಆಧಾರ್ ಕಾರ್ಡು ಇನ್ನೂ ಕೈಯಲ್ಲೇ ಇದೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ದಿನದ ಬಸ್ ಚಾರ್ಜು ಲೆಕ್ಕ ಹಾಕಿ ಹತ್ತಿರದ ಕಾಲೇಜೇ ಸಾಕು ಎನ್ನುವ ಮಾತಿಗೆ ಮನೆಯಲ್ಲಿ ಮೊದಲಿನ ಬಲವಿಲ್ಲ. ಸೊನ್ನೆ ರೂಪಾಯಿಯ ಆ ಟಿಕೆಟನ್ನು ಅವಳು ನಾಲ್ಕಾಗಿ ಮಡಿಸಿ ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡಿದ್ದಾಳೆ.

ಮೇಜಿನ ಮುಂದೆ ಸಾಲು. ಭಾಷೆಯ ಕಾಲಂ ತುಂಬುವಾಗ ಪೆನ್ನು ನಿಲ್ಲುತ್ತದೆ. "ಮೇಡಂ, ಕನ್ನಡ ತಗೊಂಡ್ರೆ ಸ್ಕೋರ್ ಆಗುತ್ತಾ? ಸಂಸ್ಕೃತನೇ ಸೇಫ್ ಅಂತಾರೆ." ಕೇಳುವ ಅಪ್ಪನದು ತಪ್ಪೆನ್ನಲಾರೆ, ಆರುನೂರಕ್ಕೆ ಎಷ್ಟು ಬಂತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ ಎಂಬ ಭಯ ಅವರದು. ಆದರೂ ಈ ಅಂಗಳದಲ್ಲಿ ಆ ಮಾತು ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಕೆಂದರೆ ಈ ಕಾಲೇಜನ್ನು ಮೊದಲ ಪ್ರಾಂಶುಪಾಲರಾಗಿ ಕಟ್ಟಿದವರು ಕನ್ನಡದ ಲೇಖಕಿ ಸಿ.ಎನ್. ಮಂಗಳಾ.

ಮಂಗಳಾ ಅವರು ಕಟ್ಟಿದ್ದು ತರಗತಿಗಳನ್ನಷ್ಟೇ ಅಲ್ಲ. ಮಹಿಳಾ ಅಧ್ಯಯನಕ್ಕೆಂದು ‘ಶಾಶ್ವತಿ’ಯನ್ನು ಹುಟ್ಟುಹಾಕಿ, ಅದರ ಜೊತೆಗೆ ಒಂದು ವಸ್ತುಸಂಗ್ರಹಾಲಯವನ್ನೂ ಮಾಡಿದರು. ಅಲ್ಲಿ ರಾಜರ ಕತ್ತಿ ಗುರಾಣಿಗಳನ್ನು ಹುಡುಕಬೇಡಿ. ಅಡುಗೆಮನೆಯ ಪಾತ್ರೆಪಡಗ, ದೀಪ, ಆಟಿಕೆ, ಹೆಂಗಸರ ಕೈಯಲ್ಲಿ ಸವೆದ ಸಾಮಾನು ಅಲ್ಲಿರುವುದು. ನಮ್ಮ ಮನೆಗಳಲ್ಲಿ ಅಜ್ಜಿ ತೀರಿಕೊಂಡ ಮೇಲೆ ಇಂಥವು ಮೊದಲು ಅಟ್ಟಕ್ಕೆ, ಆಮೇಲೆ ಗುಜರಿಗೆ ಹೋಗುತ್ತವೆ. ಅವನ್ನು ಜೋಪಾನವಾಗಿಟ್ಟು, ಇದೂ ಚರಿತ್ರೆ, ಬಂದು ನೋಡಿ ಎಂದು ಹದಿನಾರರ ಹುಡುಗಿಯರಿಗೆ ಹೇಳಿದ್ದು ದೊಡ್ಡ ಕೆಲಸ. ಬೆಂಗಳೂರಿನ ಎಷ್ಟೋ ಹೆಸರಾಂತ ಕಟ್ಟಡಗಳಿಗಿಂತ ಇದರ ಬೆಲೆ ಹೆಚ್ಚು ಎಂದೇ ನನ್ನ ಎಣಿಕೆ.

ಶಾಶ್ವತಿ ಕೊಡುವ ಒಂದು ಪ್ರಶಸ್ತಿ ನಂಜನಗೂಡು ತಿರುಮಲಾಂಬ ಅವರ ಹೆಸರಿನಲ್ಲಿದೆ. 1887ರಲ್ಲಿ ಹುಟ್ಟಿದ ತಿರುಮಲಾಂಬ ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕಕ್ಕೆಲ್ಲ ಗಂಡನನ್ನು ಕಳೆದುಕೊಂಡರು. ಓದು ಕಲಿತದ್ದು ಮನೆಯಲ್ಲೇ, ತಂದೆಯ ಆಸರೆಯಲ್ಲಿ. ಮುಂದೆ ಕಾದಂಬರಿ ಬರೆದರು, ತಾವೇ ಪುಸ್ತಕ ಪ್ರಕಟಿಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅವರು ವಿಧವೆಯಾದ ವಯಸ್ಸಿಗೆ ಇಲ್ಲಿರುವ ಹುಡುಗಿಯರು ಒಂಬತ್ತನೇ ಕ್ಲಾಸಿನಲ್ಲಿದ್ದರು. ಅಷ್ಟು ನೆನೆದರೆ ಸಾಕು, ಇವರ ಗದ್ದಲ ಎಷ್ಟು ಹೆಚ್ಚಾದರೂ ಸುಮ್ಮನಿರಿ ಎನ್ನಲು ಬಾಯಿ ಬರುವುದಿಲ್ಲ.

ಗಂಟೆ ಹೊಡೆಯಿತು. ಕ್ಲಾಸಿನ ಬಾಗಿಲ ಬಳಿ ನಿಲ್ಲಿ. ಹಾಜರಿ ಕರೆಯುತ್ತ ಮೇಡಂ ಒಬ್ಬೊಬ್ಬರನ್ನೂ ಯಾವ ಸ್ಕೂಲು ಎಂದು ಕೇಳುತ್ತಿದ್ದಾರೆ. ಕಾನ್ವೆಂಟುಗಳ ಹೆಸರುಗಳು ಪಟಪಟನೆ ಬರುತ್ತವೆ. ಬಸ್ಸಿನಲ್ಲಿ ಬಂದವಳ ಸರದಿ ಬಂದಾಗ ದನಿ ತಗ್ಗುತ್ತದೆ.

"ಕೇಳಿಸ್ಲಿಲ್ಲ, ಜೋರಾಗಿ ಹೇಳಮ್ಮ."

"ಸರ್ಕಾರಿ ಪ್ರೌಢಶಾಲೆ, ಮೇಡಂ."

"ಎಷ್ಟು ಬಂತು?"

ಅವಳು ಹೇಳಿದ ಅಂಕ ಕೇಳಿ ಮುಂದಿನ ಬೆಂಚು ಪೂರ್ತಿ ಹಿಂದೆ ತಿರುಗಿತು. ಪಕ್ಕದವಳು ನೀರಿನ ಬಾಟಲಿ ಸರಿಸಿ ಅವಳ ಪುಸ್ತಕಕ್ಕೆ ಜಾಗ ಮಾಡಿಕೊಟ್ಟು ಕೇಳಿದಳು: "ನಿಂದು ಯಾವ ಲ್ಯಾಂಗ್ವೇಜು?"

"ಕನ್ನಡ."

"ನಂದೂ ಅದೇ. ಮುಂದಿನ ಪೀರಿಯಡ್ಡೇ ಇದೆ. ರೂಮ್ ಎಲ್ಲಿ ಅಂತ ಗೊತ್ತಿಲ್ಲ, ಸೀನಿಯರ್ಸ್‌ನ ಕೇಳೋಣ ಬಾ."