ಭತ್ತದೂರಿನ ಬಿಳಿ ಅಂಗಿಯವರು

ಅಕ್ಕಿಯ ಪೊಟ್ಟಣದಿಂದ ಫುಟ್‌ಬಾಲ್ ಮೈದಾನಕ್ಕೆ ದಾರಿಯಿದೆಯೆಂದು ಯಾರಾದರೂ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮಗಳು ಅದೇನೋ ಇಟಲಿಯ ಅನ್ನ ಮಾಡುತ್ತೇನೆಂದು ಹಟ ಹಿಡಿದು ಒಂದು ಪೊಟ್ಟಣ ತರಿಸಿದಳು. ಮೇಲೆ ‘ಅರ್ಬೋರಿಯೋ’ ಎಂದು ಬರೆದಿತ್ತು. ಆದದ್ದು ನಮ್ಮ ಮೊಸರನ್ನಕ್ಕೆ ಹತ್ತಿರದ ಒಂದು ಪದಾರ್ಥ. ಬೆಲೆಯ ಮಾತು ಬೇಡ. ಆದರೆ ನಾವು ಗಂಗಾವತಿಯವರು, ತುಂಗಭದ್ರೆಯ ಕಾಲುವೆ ನೀರಿನ ಭತ್ತದ ನಡುವೆ ಹುಟ್ಟಿದವರು. ಮೇಲಾಗಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾಗಿ, ಆ ವಿದ್ಯೆಯನ್ನು ಇಪ್ಪತ್ತು ವರ್ಷಗಳಿಂದ ಪುಣೆಯ ಒಂದು ಕೇಂದ್ರ ಸರ್ಕಾರಿ ಕಚೇರಿಯ ಕಡತಗಳ ಕೆಳಗೆ ಒಣಗಲು ಇಟ್ಟವರು. ಅಕ್ಕಿಯ ಹೊಸ ಹೆಸರು ಕಂಡರೆ ಸುಮ್ಮನಿರುವುದು ನಮ್ಮಿಂದಾಗದು. ಹುಡುಕಿದೆವು.

ಅರ್ಬೋರಿಯೋ ಎಂಬುದು ವಾಯವ್ಯ ಇಟಲಿಯ ವೆರ್ಚೆಲ್ಲಿ ಪ್ರಾಂತದ ಒಂದು ಊರು. ಆ ಊರಿನ ಹೆಸರೇ ಅಕ್ಕಿಗೆ ಬಂದಿದೆ. ವೆರ್ಚೆಲ್ಲಿ ಪಟ್ಟಣ ಟೂರಿನ್ ಮತ್ತು ಮಿಲಾನ್ ನಗರಗಳ ನಡುವೆ ಇದೆ. ಸುತ್ತ ಕಣ್ಣು ಹಾಯುವಷ್ಟು ನೀರು ನಿಂತ ಗದ್ದೆ. ಗದ್ದೆಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಹೆಂಗಸರು ಎಂಟೇ ಗಂಟೆಯ ದುಡಿಮೆಗಾಗಿ ಹೋರಾಡಿ, 1906ರಲ್ಲಿ ಅದನ್ನು ದಕ್ಕಿಸಿಕೊಂಡ ಊರು ಇದು. 1949ರ ‘ಕಹಿ ಅಕ್ಕಿ’ ಎಂಬ ಇಟಲಿಯ ಚಲನಚಿತ್ರ ತೆಗೆದದ್ದೂ ಈ ಗದ್ದೆಗಳಲ್ಲೇ. ಜನಸಂಖ್ಯೆ ಇಂದು ಐವತ್ತು ಸಾವಿರಕ್ಕಿಂತ ಕಡಿಮೆ. ಈ ಪುಟ್ಟ ಊರು ಇಟಲಿಯ ಫುಟ್‌ಬಾಲ್ ಚಾಂಪಿಯನ್ ಪಟ್ಟವನ್ನು ಏಳು ಸಲ ಗೆದ್ದಿದೆ ಎಂದು ಓದಿದಾಗ ಅಚ್ಚಿನ ತಪ್ಪಿರಬೇಕೆಂದುಕೊಂಡೆವು. ತಪ್ಪಲ್ಲ.

ಕ್ಲಬ್ಬಿನ ಹೆಸರು ಪ್ರೊ ವೆರ್ಚೆಲ್ಲಿ. 1892ರಲ್ಲಿ ಹುಟ್ಟಿದ ಒಂದು ವ್ಯಾಯಾಮ ಸಂಘ, ನಮ್ಮ ಗರಡಿಮನೆಯ ಹಾಗೆ. ಮಾರ್ಚೆಲ್ಲೋ ಬೆರ್ತಿನೆತ್ತಿ ಎಂಬಾತ, ಮುಂದೆ ವೈದ್ಯನಾಗಿ, ಕತ್ತಿವರಸೆಯಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದವನು, ಟೂರಿನ್ನಿನಲ್ಲಿ ಫುಟ್‌ಬಾಲ್ ನೋಡಿ ಮರುಳಾಗಿ 1903ರಲ್ಲಿ ಸಂಘದೊಳಗೆ ಈ ಆಟದ ವಿಭಾಗ ತೆರೆದ. ಐದೇ ವರ್ಷ! 1908ರಲ್ಲಿ ಮೊದಲ ದರ್ಜೆಗೆ ಕಾಲಿಟ್ಟ ವರ್ಷವೇ ಚಾಂಪಿಯನ್. ಮರುವರ್ಷ ಮತ್ತೆ. ಆಮೇಲೆ 1911, 1912, 1913. ಆಡುತ್ತಿದ್ದವರು ಹೆಚ್ಚಾಗಿ ಊರಿನ ಹುಡುಗರೇ. ತೊಟ್ಟದ್ದು ಬರೀ ಬಿಳಿ ಅಂಗಿ. 1913ರ ಮೇ 1ರಂದು ಟೂರಿನ್ನಿನಲ್ಲಿ ಇಟಲಿ ಬೆಲ್ಜಿಯಂ ವಿರುದ್ಧ ಆಡಿದಾಗ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಈ ಒಂದೇ ಕ್ಲಬ್ಬಿನವರು. ಪಂದ್ಯದ ಏಕೈಕ ಗೋಲು ಹೊಡೆದ ಗ್ವಿಡೋ ಆರಾ ಕೂಡ.

ನಡುವೆ 1910 ಏಕೆ ಬಿಟ್ಟುಹೋಯಿತೆಂದು ಓದುಗರು ಕೇಳಬೇಕು. ಗುಮಾಸ್ತರಾದ ನಮಗೆ ಇಡೀ ಕಥೆಯಲ್ಲಿ ಬಹಳ ರುಚಿಸಿದ ಭಾಗ ಅದೇ, ಏಕೆಂದರೆ ಅದು ಒಂದು ಅರ್ಜಿಯ ಕಥೆ. ಆ ವರ್ಷ ಪ್ರೊ ವೆರ್ಚೆಲ್ಲಿ ಮತ್ತು ಮಿಲಾನಿನ ಇಂಟರ್ ಸಮ ಅಂಕದಲ್ಲಿ ನಿಂತವು. ನಿರ್ಣಾಯಕ ಪಂದ್ಯ ಏಪ್ರಿಲ್ 24ಕ್ಕೆ ಗೊತ್ತಾಯಿತು. ಕೆಲವು ಆಟಗಾರರು ಸೈನ್ಯದ ಪಂದ್ಯಾವಳಿಗೆ ಹೋಗಬೇಕಾಗಿದೆ, ದಿನ ಬದಲಿಸಿ ಎಂದು ವೆರ್ಚೆಲ್ಲಿಯವರು ಬೇಡಿಕೊಂಡರು. ಮಂಜೂರಾಗಲಿಲ್ಲ. ಸಿಟ್ಟಿಗೆದ್ದ ಕ್ಲಬ್ಬಿನವರು ದೊಡ್ಡವರನ್ನೆಲ್ಲ ಹೊರಗಿಟ್ಟು ಮೀಸೆ ಮೂಡದ ಹುಡುಗರನ್ನು ಮೈದಾನಕ್ಕಿಳಿಸಿದರು. ಇಂಟರ್ 10–3ರಿಂದ ಗೆದ್ದು ಮೊದಲ ಬಾರಿಗೆ ಚಾಂಪಿಯನ್ ಆಯಿತು. ಅರ್ಧ ಮನಸ್ಸು ನಮಗೆ ಅಧಿಕಾರಿಗಳ ಕಡೆಗೇ ಇದೆ. ಒಬ್ಬರಿಗೆ ದಿನ ಬದಲಿಸಿದರೆ ನಾಳೆ ಹತ್ತು ಅರ್ಜಿ ಬರುತ್ತವೆ. ಆದರೆ ಆ ಹುಡುಗರು ಹೊಡೆದ ಮೂರು ಗೋಲು! ಹತ್ತು ತಿಂದದ್ದನ್ನು ಬಿಟ್ಟು ಆ ಮೂರನ್ನು ಎಷ್ಟು ಸಲ ಮನೆಯಲ್ಲಿ ವರ್ಣಿಸಿರಬೇಕೋ.

ಈ ಉದ್ಧಟತನಕ್ಕೆ ಆಟಗಾರರ ಮೇಲೆ ನಿಷೇಧ ಬಿತ್ತು. ಮೂರೇ ವಾರಕ್ಕೆ, ಮೇ 15ರಂದು, ಇಟಲಿಯ ರಾಷ್ಟ್ರೀಯ ತಂಡ ತನ್ನ ಮೊಟ್ಟಮೊದಲ ಪಂದ್ಯವನ್ನು ಮಿಲಾನಿನಲ್ಲಿ ಆಡಿ ಫ್ರಾನ್ಸನ್ನು 6–2ರಿಂದ ಸೋಲಿಸಿತು. ಅಂದು ಇಟಲಿ ತೊಟ್ಟಿದ್ದು ಬಿಳಿ ಅಂಗಿ. ವೆರ್ಚೆಲ್ಲಿಯವರು ಮಾತ್ರ ಒಬ್ಬರೂ ಇರಲಿಲ್ಲ.

ಮಹಾಯುದ್ಧ ಕಳೆದ ಮೇಲೆ 1921 ಮತ್ತು 1922ರಲ್ಲಿ ಇನ್ನೆರಡು ಸಲ ಗೆದ್ದರು. ಅಷ್ಟೇ. ಅಲ್ಲಿಂದ ಮುಂದಿನದು ಹಣದ ಕಥೆ. 1923ರಲ್ಲಿ ವಿರ್ಜೀನಿಯೋ ರೊಸೆತ್ತಾ ಎಂಬ ಊರಿನ ಹುಡುಗನನ್ನು ಟೂರಿನ್ನಿನ ಯುವೆಂಟಸ್ ಸೆಳೆದುಕೊಂಡಿತು. ಆಗಿನ್ನೂ ಆಟಕ್ಕೆ ಸಂಬಳವೆಂಬುದು ನಿಷಿದ್ಧ. ದೊಡ್ಡ ಗಲಾಟೆಯಾಗಿ ಯುವೆಂಟಸ್‌ನ ಅಂಕಗಳನ್ನು ಕತ್ತರಿಸಿದರು. ಆದರೆ ರೊಸೆತ್ತಾ ಹಿಂದಿರುಗಲಿಲ್ಲ. 1926ರಲ್ಲಿ ನಿಯಮವೇ ಸಡಿಲವಾಯಿತು. ಭತ್ತದೂರಿನ ಸಂಘ ಕಾರ್ಖಾನೆಯ ಊರುಗಳ ಹಣದ ಥೈಲಿಗೆ ಎಷ್ಟು ದಿನ ಎದುರು ನಿಂತೀತು? ಆದರೂ ಗದ್ದೆ ಮತ್ತೊಂದು ಫಸಲು ಕೊಟ್ಟಿತು: ಸಿಲ್ವಿಯೋ ಪಿಯೋಲಾ. ಹದಿನಾರರ ಪ್ರಾಯದಲ್ಲೇ ಬಿಳಿ ಅಂಗಿ ತೊಟ್ಟು ಐವತ್ತಕ್ಕೂ ಹೆಚ್ಚು ಗೋಲು ಹೊಡೆದವನು. 1934ರಲ್ಲಿ ರೋಮಿನ ಲಾಟ್ಸಿಯೋ ಕ್ಲಬ್ಬು ಅವನನ್ನೂ ಕೊಂಡೊಯ್ದಿತು. 1938ರ ವಿಶ್ವಕಪ್ ಫೈನಲ್ಲಿನಲ್ಲಿ ಎರಡು ಗೋಲು ಅವನವು. ಇಟಲಿಯ ಮೊದಲ ದರ್ಜೆಯಲ್ಲಿ ಅವನ 274 ಗೋಲುಗಳನ್ನು ಯಾರೂ ದಾಟಿಲ್ಲ.

ಇಲ್ಲಿ ನಮ್ಮದೊಂದು ಮಾತು. 2004ರಲ್ಲಿ ನಮ್ಮೂರಿನ ವಾಲಿಬಾಲ್ ತಂಡ ತಾಲ್ಲೂಕು ಫೈನಲ್ ಮುಟ್ಟಿತ್ತು. ನಾವು ಚೆಂಡು ಎತ್ತಿಕೊಡುವವರು, ಹೊಡೆಯುವವನು ನಮ್ಮ ಗೆಳೆಯ. ಭಾನುವಾರ ಪಂದ್ಯ; ಸೋಮವಾರ ಬೆಳಿಗ್ಗೆ ಪುಣೆಯಲ್ಲಿ ಹಾಜರಾಗಬೇಕೆಂದು ನೇಮಕಾತಿ ಆದೇಶ. ಒಂದು ದಿನದ ಗಡುವು ಕೇಳಬಹುದಿತ್ತು. ಕೇಳಲಿಲ್ಲ. ಶನಿವಾರವೇ ಬಸ್ಸು ಹತ್ತಿದೆವು. ತಂಡ ಸೋತಿತು, ವರ್ಷದೊಳಗೆ ಚದುರಿತು. ಗೆಳೆಯ ಈಗ ಗೊಬ್ಬರದ ಅಂಗಡಿ ನಡೆಸುತ್ತಾನೆ. ಅಂದಿನಿಂದ ಅವನು ನಮ್ಮೊಡನೆ ಮಾತು ಬಿಟ್ಟಿದ್ದಾನೆಂದಲ್ಲ, ಬಹುವಚನದಲ್ಲಿ ಮಾತಾಡುತ್ತಾನೆ.

ಈ ದೀಪಾವಳಿಗೆ ಊರಿಗೆ ಹೋದಾಗ ಅಂಗಡಿಯ ಮುಂದೆ ನಿಂತೆವು. “ಯಾವಾಗ ಬಂದ್ರಿ?” ಎಂದ. ಬೇರೆ ಮಾತು ತೋಚದೆ ಅಕ್ಕಿಯ ಪೊಟ್ಟಣದಿಂದ ಹಿಡಿದು ಎಲ್ಲ ಹೇಳಿದೆವು. 2010ರಲ್ಲಿ ಸಾಲದ ಹೊರೆಯಿಂದ ಹಳೆಯ ಕ್ಲಬ್ಬು ಮುಳುಗಿದಾಗ ಅದೇ ಊರಿನ ಇನ್ನೊಂದು ಕ್ಲಬ್ಬು ಹೆಸರು ಉಳಿಸಿದ್ದು. 2012ರಲ್ಲಿ 64 ವರ್ಷಗಳ ನಂತರ ಎರಡನೆಯ ದರ್ಜೆಗೆ ಏರಿದ್ದು, 2018ರಲ್ಲಿ ಮತ್ತೆ ಮೂರನೆಯದಕ್ಕೆ ಇಳಿದದ್ದು. ಪಿಯೋಲಾ ಮರಳಿ ವೆರ್ಚೆಲ್ಲಿಗೆ ಆಡಲೇ ಇಲ್ಲ, ಕೊನೆಗಾಲದಲ್ಲಿ ಆಡಿದ್ದು ಪಕ್ಕದ ನೊವಾರಾಕ್ಕೆ. ಆದರೂ 1996ರಲ್ಲಿ ಆತ ತೀರಿಕೊಂಡ ಮೇಲೆ ವೆರ್ಚೆಲ್ಲಿಯವರು ತಮ್ಮ ಮೈದಾನಕ್ಕೆ ಆತನ ಹೆಸರಿಟ್ಟರು, ನೊವಾರಾದವರೂ ಇಟ್ಟರು.

ಗೆಳೆಯ ಯೂರಿಯಾ ಚೀಲದ ಮೇಲೆ ಕೈಯೂರಿ ಕೇಳುತ್ತಿದ್ದ.

“ಅಂವ ಹೋದ ಮ್ಯಾಲೆ ಟೀಮ್ ಏನಾತು?”

“ಮರುವರ್ಷವೇ ಕೆಳಗಿನ ದರ್ಜೆಗೆ ಬಿತ್ತು. ಮೊದಲ ದರ್ಜೆಗೆ ಇವತ್ತಿನವರೆಗೂ ಏರಿಲ್ಲ.”

ಅವನು ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿದ. ಒಂದು ಗಿರಾಕಿ ಬಂದ, ಚೀಟಿ ಬರೆದುಕೊಟ್ಟ, ಚಿಲ್ಲರೆ ಎಣಿಸಿದ. ಆಮೇಲೆ ನಮ್ಮ ಕಡೆ ತಿರುಗಿ, “ಕುಂದ್ರು. ಚಾ ತರಸ್ತೀನಿ,” ಎಂದ.