ಧರೆ ನೋಡುವ ಚಟ

ಘಟ್ಟದ ಕಾಡಿಗೆ ಬಂದವರು ತಲೆಯೆತ್ತಿ ಮರ ನೋಡುತ್ತಾರೆ. ನನಗೆ ಧರೆ ನೋಡುವ ಚಟ. ರಸ್ತೆಗೆಂದು ಗುಡ್ಡ ಕಡಿದಾಗ ನಿಲ್ಲುವ ಆ ಮಣ್ಣಿನ ಗೋಡೆಯಲ್ಲಿ ಕಾಡಿನ ಒಳಗುಟ್ಟೆಲ್ಲ ಬಟಾಬಯಲು. ಕಳಸದಿಂದ ಕುದುರೆಮುಖದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ: ಎಂಥ ಮುಗಿಲು ಮುಟ್ಟುವ ಮರವಾದರೂ ಬೇರಿನ ಸಂಸಾರ ಬಹುಪಾಲು ಮೇಲಿನ ಒಂದೆರಡು ಅಡಿಯಲ್ಲೇ!

ಸಾವಿರ ಮೀಟರ್ ಏರಿದರೆ ಹವೆ ಸುಮಾರು 6 ಡಿಗ್ರಿ ತಂಪು. ತಂಪಿನಲ್ಲಿ ದರಗು, ಅಂದರೆ ಉದುರಿದ ಎಲೆ, ಬೇಗ ಕೊಳೆಯುವುದಿಲ್ಲ, ಕೊಳೆಯದೆ ಮರಕ್ಕೆ ಸಾರ ದಕ್ಕುವುದಿಲ್ಲ. ಅದಕ್ಕೇ ಎತ್ತರದ ಹುಲ್ಲುಗುಡ್ಡಗಳ ಕಣಿವೆಯಲ್ಲಿರುವ ಶೋಲೆ ಕಾಡಿನ ಮರಗಳು ಮೇಲಕ್ಕೆ ಬೆಳೆಯುವ ಆಸೆ ಬಿಟ್ಟು ಗಳಿಕೆಯನ್ನೆಲ್ಲ ನೆಲದೊಳಗೆ ಹೂಡುತ್ತವೆ. ಕುಳ್ಳ ಮರ, ದಟ್ಟ ಬೇರು. ಗಾಳಿಯೂ ಅಲ್ಲಿ ಸುಮ್ಮನಿರುವ ಜಾತಿಯದಲ್ಲ.

ಬೇರಿಗೂ ಪಂಚಾಂಗವುಂಟು. ಬೇಸಿಗೆಯ ಕೊನೆಗೆ ಎರಡು ಅಡ್ಡಮಳೆ ಬಿದ್ದರೆ ಸಾಕು, ದರಗಿನಡಿ ದಾರದಂಥ ಬಿಳಿಬೇರುಗಳು ಹೊರಡುತ್ತವೆ. ಆರಿದ್ರಾ, ಪುನರ್ವಸು ಹೊಯ್ದು ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದಾಗ ಬೇರಿಗೆ ಉಸಿರು ಕಟ್ಟುತ್ತದೆ. ನೀರು ಹೆಚ್ಚಾದರೂ ಕಷ್ಟವೇ. ಬಲ್ಲಗಿ ಮರವಂತೂ ಬುಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುತ್ತದೆ. ಮಳೆ ಹೊಳವಾಗಿ, ಮಣ್ಣಿನಲ್ಲಿ ತೇವವೂ ಆಕಾಶದಲ್ಲಿ ಬಿಸಿಲೂ ಇರುವ ದೀಪಾವಳಿಯ ಹೊತ್ತು ಬೇರಿಗೆ ಇನ್ನೊಂದು ಸುಗ್ಗಿ. ಕಾಫಿ ಬೆಳೆಗಾರರು ಮಳೆಗಾಲದ ಮೊದಲೂ ಆಮೇಲೂ ಗೊಬ್ಬರ ಕೊಡುವುದರ ಮರ್ಮ ಇದೇ. ಶಿವರಾತ್ರಿ ಕಳೆದ ಮೇಲೆ ಬಯಲಂಚಿನ ಎಳೆಬೇರು ಒಣಗಿ ಸಾಯುತ್ತದೆ. ಕಣಿವೆಯ ಶೋಲೆಯಲ್ಲಿ ಮಾತ್ರ ಪಸೆ ಆರುವುದಿಲ್ಲ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲವೂ ಕುದುರೆಮುಖದ ಇದೇ ಸೀಮೆಯಲ್ಲಿದೆ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದಾಯಿತು. ಎಲ್ಲರೂ ಮಳೆಯನ್ನು ಬೈದರು. ಮಳೆಯದೂ ತಪ್ಪಿರಬಹುದು. ಆದರೆ ಗುಡ್ಡದ ಬುಡ ಕಡಿದರೆ ಮೇಲಿನ ಬೇರು ಎಷ್ಟನ್ನೆಂದು ಹಿಡಿದೀತು? ಮರ ಉರುಳಿಸಿದ ಮರುವರ್ಷವೇ ಮಣ್ಣು ಜಾರುತ್ತದೆಂದೂ ಇಲ್ಲ. ಸತ್ತ ಬೇರು ಕೊಳೆಯುವವರೆಗೆ ಕೆಲವು ವರ್ಷ ಮಣ್ಣು ಹಿಡಿದೇ ಇರುತ್ತದೆ, ಆಮೇಲೆ ಕೈಬಿಡುತ್ತದೆ. ಆದ್ದರಿಂದ "ಹೋದ ವರ್ಷವೇ ಮರ ಕಡಿದೆವು, ಏನೂ ಆಗಲಿಲ್ಲವಲ್ಲ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.