ಬಚ್ಚಲಿನ ಪಾಠ

ಎಂ.ಎ. ಓದಿದವನಿಗೆ ಅಂಟುವ ದೊಡ್ಡ ಕೇಡೆಂದರೆ, ಓದಿದರೆ ಯಾವ ಕೆಲಸವೂ ಬರುತ್ತದೆಂಬ ಭ್ರಮೆ. ಕಳೆದ ಮಳೆಗಾಲದಲ್ಲಿ, ಪುತ್ತೂರಿನ ನಮ್ಮ ಹಳೆಯ ಮನೆಯ ಪಾಚಿಗಟ್ಟಿದ ಬಚ್ಚಲಿನಲ್ಲಿ ಅಮ್ಮ ಜಾರಿ ಬಿದ್ದಳು. ಕೂಲಿ ಉಳಿಸುವ ಆಸೆಯಿಂದ ಪಿಕ್ಕಾಸನ್ನು ನಾನೇ ಎತ್ತಿಕೊಂಡೆ.

ಹಂಡೆಯ ಒಲೆಯನ್ನು ಮುಟ್ಟಲಿಲ್ಲ. ತೋಟದ ಸೋಗೆ, ಮಡಲು ಇರುವಾಗ ಬಿಸಿನೀರಿಗೆ ಖರ್ಚಿಲ್ಲವಷ್ಟೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಕಲಸಿ ನೆಲ ಮಾಡಿದೆ. ಏಳು ದಿನ ನೀರುಣಿಸಿದೆ. ನೆಲ ಕನ್ನಡಿಯಂತೆ ಹೊಳೆಯಿತು. ಅಮ್ಮ ಒಂದು ಚೆಂಬು ನೀರು ಸುರಿದಳು. ನೀರು ತೂಬನ್ನು ಬಿಟ್ಟು ಒಲೆಯ ಕಡೆಗೆ ಹೊರಟಿತು!

"ನೀರಿಗೆ ನಿನ್ನ ಎಂ.ಎ. ಗೊತ್ತಿಲ್ಲ, ಮಗಾ," ಎಂದಳು.

ನಾಚಿಕೆ ಬಿಟ್ಟು ಕಡಬದ ಕಡೆಯ ಮೇಸ್ತ್ರಿಯೊಬ್ಬರನ್ನು ಕರೆತಂದೆ. "ಅಡಿಗೆ ಕಾಲಂಗುಲ ಇಳಿಜಾರು ಬೇಕು ಮಾಸ್ಟ್ರೇ. ಹೊಳಪು ಯಾಕೆ? ಕಾಲಿಗೆ ಹಿಡಿತ ಬೇಕು," ಎಂದು, ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡಿ ಗೋಡೆಯ ಮೇಲೆ ಗುರುತು ಹಾಕಿಕೊಟ್ಟರು. ನೀರಿನ ದಾರಿಯನ್ನು ನೀರಿನಿಂದಲೇ ಕೇಳಿ ತಿಳಿಯುವ ವಿದ್ಯೆ! ಹೊಸ ನೆಲವನ್ನು ಒಡೆದು ಮತ್ತೆ ಹಾಕಿದೆ. ಬಿಗಿಯುವ ಮೊದಲೇ ಹಿಡಿಸೂಡಿಯಿಂದ ಗೀರಿ ಒರಟು ಮಾಡಿದೆ. ಉಳಿಸಿದ ಕೂಲಿ ಎರಡನೆಯ ಸಲದ ಸಿಮೆಂಟಿಗೆ ಸರಿಹೋಯಿತು.

ಈಗ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ಹೊರಗೆ ನಿಂತು ಕಿವಿಗೊಡುತ್ತೇನೆ. ಮೊದಲು ಚೆಂಬಿನ ಸದ್ದು. ಆಮೇಲೆ ಬಾಳೆಯ ಬುಡಕ್ಕೆ ನೀರು ಇಳಿಯುವ ಸದ್ದು. ಅಷ್ಟು ಕೇಳಿದ ಮೇಲೆಯೇ ನಾನು ಸುಳ್ಯದ ಬಸ್ಸು ಹತ್ತುವುದು.